ಪೈಪಿನೊಳಗೆ ನುಗ್ಗಿದ ಗಾಳಿ

ಮೊನ್ನೆ ಸ್ಟೋರಿನಿಂದ ಹೊಸ ಸೆನ್ಸಾರ್ ಬಂತು. ಬೆಳ್ಳಿಯಂತೆ ಮಿರುಗುವ ಆ ಪೊಟ್ಟಣ ಕೈಗೆ ಬಂದದ್ದೇ ತಡ, ಚಾಚಾ ನೆನಪಾದರು...

ಆಗ ನಾನು ಮಂಚೇನಹಳ್ಳಿಯಿಂದ ಬಸ್ಸಿನಲ್ಲಿ ಗೌರಿಬಿದನೂರಿನ ಔಷಧ ಕಾರ್ಖಾನೆಗೆ ಹೋಗಿಬರಲು ಶುರುಮಾಡಿ ಎರಡೇ ತಿಂಗಳು. ಅಲ್ಲಿ ಅಳತೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು; ನಾನು ಅವರ ಸಹಾಯಕಿ. ಬಾಟಲಿಗೆ ಔಷಧ ತುಂಬುವಾಗ ಹಾಯಿಸುವ ನೈಟ್ರೋಜನ್‌ನಲ್ಲಿ ಆಮ್ಲಜನಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಬಾರದು. ಅದನ್ನು ಅಳೆಯುವುದು ಈ ಪುಟ್ಟ ಸೆನ್ಸಾರ್.

"ಇದಕ್ಕೆ ಬಿಸಿಲೂ ಆಗಲ್ಲ, ತೇವಾನೂ ಆಗಲ್ಲ. ಗ್ಯಾಸು ಒಂದೇ ಸಮ ಹರೀಬೇಕು. ಪೊಟ್ಟಣ ಹರಿದು ಒಂದ್ಸಲ ಬಯಲು ಗಾಳಿ ಕುಡೀತೋ, ಅರ್ಧ ದಿನ ಅಮಲು ಇಳಿಯಲ್ಲಮ್ಮ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಂಕೆ ದಿಢೀರನೆ ಅರವತ್ತಕ್ಕೆ ಏರಿತು. ಔಷಧ ತುಂಬುವ ಕೆಲಸ ನಿಂತಿತು. ಮ್ಯಾನೇಜರ್ ಓಡಿಬಂದು, "ಸೆನ್ಸಾರ್ ಸತ್ತಿದೆ, ಹೊಸದು ಹಾಕ್ರಿ" ಎಂದರು. ಸ್ಟೋರಿನಲ್ಲಿ ಹೊಸದು ಇದ್ದದ್ದು ಒಂದೇ. ನಾನು ಪೊಟ್ಟಣ ಹರಿಯಲು ಹೊರಟೆ.

"ಹರೀಬೇಡಮ್ಮ! ಹತ್ತು ನಿಮಿಷ ಕೊಡಿ ಸಾರ್" ಎಂದ ಚಾಚಾ ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿದರು. "ಗ್ಯಾಸು ಸ್ವಲ್ಪ ಜಾಸ್ತಿ ಬಿಡು, ಅಂಕೆ ನೋಡು."

ತಿರುಗಿಸಿದೆ. ಐವತ್ತು... ನಲವತ್ತು!

"ಇಳೀತಿದೆ ಚಾಚಾ!"

"ಹಂಗಾದ್ರೆ ಎಲ್ಲೋ ಪೈಪಿಗೆ ಹೊರಗಿನ ಗಾಳಿ ನುಗ್ತಿದೆ. ಗ್ಯಾಸು ಜಾಸ್ತಿ ಆದಂಗೆಲ್ಲ ಅದು ತೆಳುವಾಗ್ತದೆ. ಸೆನ್ಸಾರ್ ಸತ್ತಿದ್ರೂ, ನೈಟ್ರೋಜನ್ನೇ ಕೆಟ್ಟಿದ್ರೂ ಹಿಂಗೆ ಇಳೀತಿರ್ಲಿಲ್ಲ. ಗ್ಯಾಸು ಎಲ್ಲಿ ಹೊರಗೆ ಸೋರ್ತದೋ, ಅಲ್ಲೇ ಗಾಳಿನೂ ಒಳಗೆ ನುಸುಳ್ತದೆ."

ಸೋಪಿನ ನೀರು ಹಿಡಿದು ಇಬ್ಬರೂ ಪೈಪಿನ ಗುಂಟ ಹೊರಟೆವು. ಮೂರನೇ ಜೋಡಣೆಗೆ ನೀರು ಬಿಟ್ಟೆ, ಗುಳ್ಳೆ ಬುಳುಬುಳು ಎದ್ದವು! ಚಾಚಾ ಸ್ಪ್ಯಾನರ್ ಹಾಕಿ ಬಿಗಿದರು. ಅಂಕೆ ಇಪ್ಪತ್ತಕ್ಕೆ ಇಳಿಯಿತು, ಹನ್ನೆರಡಕ್ಕೆ, ಎಂಟಕ್ಕೆ... ನಾನು ಕಿರುಚಿಯೇಬಿಟ್ಟೆ. ಕೆಲಸ ನಿಲ್ಲಿಸಿ ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಕೈಕುಲುಕಲು ಬಂದರೆ ಚಾಚಾ ನನ್ನತ್ತ ತೋರಿಸಿ, "ಹಿಡ್ದಿದ್ದು ಈಯಮ್ಮ" ಎಂದರು. ಆ ಸಂಜೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನನಗೆ ಕೂರಲಾಗಲಿಲ್ಲ.

ಸೆನ್ಸಾರ್‌ಗೆ ವಯಸ್ಸಾಗುವುದನ್ನು ಅಂಕೆ ತಪ್ಪುವ ಮೊದಲೇ ಅವರು ಹೇಗೋ ಗುರುತಿಸುತ್ತಿದ್ದರು. ಕೇಳಿದರೆ, "ಕಲಿಸ್ತೀನಿ, ಅವಸರ ಏನು" ಎಂದು ನಗುತ್ತಿದ್ದರು. ನಿವೃತ್ತರಾದ ಮರುವರ್ಷವೇ ತೀರಿಕೊಂಡರು.

ಈಗ ಆ ಕೆಲಸ ನನ್ನದು. ನಾನು ಕ್ಯಾಲೆಂಡರ್ ನೋಡಿ ಸೆನ್ಸಾರ್ ಬದಲಾಯಿಸುತ್ತೇನೆ. ಅವರು ಏನು ನೋಡುತ್ತಿದ್ದರೋ... ಕೇಳಲು ಯಾರೂ ಉಳಿದಿಲ್ಲ.