ವಸ್ತಾದನನ್ನು ಎತ್ತುವ ಬಗೆ

ಕುಸ್ತಿಯ ಮನೆತನದಲ್ಲಿ ಹುಟ್ಟಿದ ನಾನು ಒಂದು ದಿನವೂ ಕುಸ್ತಿ ಆಡಿದವಳಲ್ಲ. ಆದರೆ ನಮ್ಮ ಮನೆಯ ಪೈಲವಾನರೆಲ್ಲ ಸೇರಿ ಎತ್ತಿದ್ದಕ್ಕಿಂತ ಹೆಚ್ಚು ಗಂಡಸರನ್ನು ನಾನೊಬ್ಬಳೇ ಎತ್ತಿದ್ದೇನೆ. ಗಾಬರಿಯಾಗಬೇಡಿ. ಮೊದಲು ಉಮರಗಾದಲ್ಲಿ, ಆಮೇಲೆ ಉದಗೀರದಲ್ಲಿ ದವಾಖಾನೆಯ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಎತ್ತಿದವರನ್ನೆಲ್ಲ ಚಿತ್ ಮಾಡಿಯೇ ಮಲಗಿಸಿದ್ದೇನೆ, ಆದರೆ ತಲೆದಿಂಬು ಕೊಟ್ಟು.

ನೌಕರಿ ಬಿಟ್ಟು ವರ್ಷಗಳಾದರೂ ಗಡಿಯಾರ ನನ್ನನ್ನು ಬಿಟ್ಟಿಲ್ಲ. ಐದಕ್ಕೆ ಏಳುತ್ತೇನೆ, ಐದೂ ಹತ್ತಕ್ಕೆ ಹಾಸಿಗೆಯ ನಾಲ್ಕೂ ಮೂಲೆ ಮಡಿಸಿರುತ್ತೇನೆ. ಹಾಲಿನವನು ತಡಮಾಡಿದರೆ ನನ್ನ ನಾಡಿ ಏರುತ್ತದೆ. ಮನೆಗೆ ಬಂದ ಬೀಗರು ಹಾಸಿಗೆ ಮಡಿಸದೆ ಎದ್ದುಹೋದರೆ ಅವರಿಗೆ ಚಹಾ ಸ್ವಲ್ಪ ತಡವಾಗಿ ಸಿಗುತ್ತದೆ. ಇದು ಒಳ್ಳೆಯ ಗುಣವಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಚಹಾ ತಡಮಾಡುತ್ತೇನೆ.

ಈಗ ಗಡಿಯ ಊರು ಔರಾದ ಶಹಾಜನಿಯಲ್ಲಿ ನನ್ನ ಅಣ್ಣ ಶರಣಪ್ಪನ ಮನೆಯ ಪಕ್ಕದ ಓಣಿಯಲ್ಲಿ ಇದ್ದೇನೆ. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಅಣ್ಣ ಅಂಥ ವಸ್ತಾದ. ಹನುಮಪ್ಪನ ಗುಡಿಯ ಹಿಂದೆ ಅವನ ತಾಲೀಮು ಇದೆ. ನಾಲ್ಕು ಗೋಡೆ, ತಗಡಿನ ಮಾಡು, ನಡುವೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣು. ಅವನ ಮೊಮ್ಮಗಳು ಭಾಗ್ಯಶ್ರೀ ಆ ಮಣ್ಣಿನಲ್ಲೇ ಬೆಳೆದವಳು. ಈಗ ಇಪ್ಪತ್ತು ವರ್ಷ, ಕಾಲೇಜಿಗೆ ಹೋಗುತ್ತಾಳೆ. ಅವನಿಗೆ ಮುತ್ಯಾ ಎನ್ನುತ್ತಾಳೆ, ನನಗೆ ಆಯಿ ಎನ್ನುತ್ತಾಳೆ. ಅಂದರೆ ನಾನು ಹೆರದೆಯೇ ಅಜ್ಜಿಯಾದವಳು.

ಹೋದ ವರ್ಷ ಜಿಲ್ಲಾ ಆಯ್ಕೆಯಲ್ಲಿ ಅವಳು ಸೋತಳು. ಎದುರಾಳಿಯ ಸೊಂಟಕ್ಕೆ ಸರಿಯಾದ ಹಿಡಿತ ಹಾಕಿದ್ದಳು, ಆದರೆ ನೆಲದಿಂದ ಎತ್ತಲಾಗಲಿಲ್ಲ. ಮನೆಗೆ ಬಂದು ಅಳಲಿಲ್ಲ. ನನ್ನ ಬಳಿ ಬಂದು, “ಆಯಿ, ನೀ ಅಷ್ಟು ದಪ್ಪ ದಪ್ಪ ಮಂದಿನ್ನ ಹ್ಯಾಂಗ ಎತ್ತತಿದ್ದಿ?” ಎಂದು ಕೇಳಿದಳು. ಮೊಣಕಾಲು ಬಗ್ಗಿಸಬೇಕು, ಬೆನ್ನು ಬಗ್ಗಿಸಬಾರದು, ಭಾರ ಮೈಗೆ ಹತ್ತಿರ ಇರಬೇಕು ಎಂದೆ. “ನಿಲಂಗಾದ ಜಿಮ್ಮಿನಾಗ ಅದನ್ನೇ ಹೇಳ್ತಾರ” ಎಂದಳು. ಅಲ್ಲಿಂದ ಎಲ್ಲ ಸುರುವಾಯಿತು.

ನಾನು ಸುಮ್ಮನೆ ಒಪ್ಪುವವಳಲ್ಲ. ಒಂದು ದಿನ ಬಸ್ಸು ಹತ್ತಿ ನಿಲಂಗಾಕ್ಕೆ ಹೋಗಿ ಆ ಜಿಮ್ಮನ್ನು ತಪಾಸಣೆ ಮಾಡಿ ಬಂದೆ. ಗುಡಿಸಿದ ನೆಲ. ಸಾಲಾಗಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟ ಕಬ್ಬಿಣದ ಚಕ್ರಗಳು. ಔಷಧಿಯ ಶೀಶೆಯ ಮೇಲೆ ಪ್ರಮಾಣ ಬರೆದಂತೆ ಒಂದೊಂದರ ಮೇಲೂ ತೂಕ ಬರೆದಿತ್ತು. ಜಿಮ್ಮಿನ ಹುಡುಗಿ, “ಆಜೀ, ಕಾಳಜಿ ಕರೂ ನಕಾ” ಎಂದು ಮರಾಠಿಯಲ್ಲಿ ಧೈರ್ಯ ಹೇಳಿ ಕುರ್ಚಿ ಕೊಟ್ಟಳು. ನನಗೆ ಕಾಳಜಿ ಎಲ್ಲಿಯದು? ನಾನಾಗಲೇ ಮನಸೋತಿದ್ದೆ. ಕಬ್ಬಿಣ ಎತ್ತುವುದರಿಂದ ಕುಸ್ತಿಗೆ ಲಾಭವಿದೆ ಎಂದು ಆ ದಿನ ನಾನು ತೀರ್ಮಾನಿಸಿದ್ದಕ್ಕೆ ಯಾವ ಶಾಸ್ತ್ರದ ಆಧಾರವೂ ಇರಲಿಲ್ಲ. ಜಾಗ ಚೊಕ್ಕಟವಾಗಿತ್ತು, ಅಷ್ಟೆ. ಮನೆಗೆ ಬಂದವಳೇ ವಾರಕ್ಕೆ ಮೂರು ದಿನದ ಟೈಮ್‌ಟೇಬಲ್ ಬರೆದು ಅವಳ ಕೈಗೆ ಕೊಟ್ಟೆ. ಮುತ್ಯಾನಿಗೆ ಹೇಳಬೇಡ ಎಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮುತ್ಯಾನ ಮತ ಊರಿಗೆಲ್ಲ ಗೊತ್ತಿತ್ತು. “ಪೈಲವಾನನ ಮೈ ಹೋಳಿಗಿ ಕಣಕದ ಹಂಗ ಇರಬೇಕು. ಕಬ್ಬಿಣ ಎತ್ತಿದಂವನ ಮೈ ಕಟಗಿ ಆಗ್ತದ. ಕಟಗಿ ಮುರೀತದ. ಕಣಕ ಮುರೀತದೇನು?” ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ತಾಲೀಮಿನ ಹುಡುಗರು ಅವನ ಹಿಂದೆ ಅವನದೇ ದನಿಯಲ್ಲಿ ಹೇಳಿ ನಗುತ್ತಿದ್ದರು. ಹಾಗಾದರೆ ತಾಲೀಮಿನ ಮೂಲೆಯಲ್ಲಿ ನಿಲ್ಲಿಸಿರುವ ಕಲ್ಲಿನ ಗದೆ ಹತ್ತಿಯದೇ ಎಂದು ನಾನೊಮ್ಮೆ ಕೇಳಿದೆ. “ಅದು ದೇವರ ಆಯುಧ” ಎಂದು ಎದ್ದುಹೋದ.

ದೇವರ ಮಾತು ಬಂದಮೇಲೆ ಸ್ವಲ್ಪ ವಿಚಾರ ಮಾಡಬೇಕಾಯಿತು. ಭಾರ ಎತ್ತುವವರಲ್ಲಿ ಮೊದಲಿಗ ನಮ್ಮ ಹನುಮಪ್ಪನೇ. ಬೇಕಾದ ಬೇರು ಯಾವುದೆಂದು ತಿಳಿಯದೆ ಇಡೀ ಗುಡ್ಡವನ್ನೇ ಹೊತ್ತುತಂದ. ಭಕ್ತಿಯಿಂದಲೇ ಹೇಳುತ್ತೇನೆ, ನಮ್ಮ ವಾರ್ಡಿನಲ್ಲಿ ಯಾರಾದರೂ ಗುಳಿಗೆ ಸಿಗಲಿಲ್ಲವೆಂದು ಔಷಧಿಯ ಕಪಾಟನ್ನೇ ಹೊತ್ತುತಂದಿದ್ದರೆ ಮೆಮೊ ಕೊಡುತ್ತಿದ್ದೆ. ಎರಡನೆಯವನು ರಾವಣ. ಕೈಲಾಸವನ್ನೇ ಎತ್ತಿದ. ಗುಡ್ಡ ಸುಮ್ಮನಿದ್ದಷ್ಟು ಹೊತ್ತು ಅವನಂಥ ಬಲಶಾಲಿ ಇರಲಿಲ್ಲ. ಮೇಲೆ ಕೂತ ಶಿವ ಕಾಲಿನ ಹೆಬ್ಬೆರಳಿನಿಂದ ಒಂದಿಷ್ಟು ಒತ್ತಿದ, ಕೈ ಸಿಕ್ಕಿಕೊಂಡಿತು. ಭಾರ ಎತ್ತುವುದಕ್ಕೂ ಕುಸ್ತಿಗೂ ಇರುವ ಅಂತರ ರಾವಣನಿಗೆ ಆಗ ತಿಳಿದಿರಬೇಕು. ಕುಸ್ತಿಯಲ್ಲಿ ಭಾರ ತಿರುಗಿ ಒತ್ತುತ್ತದೆ.

ಇದು ನನಗೂ ಅನುಭವದ ಮಾತು. ಎತ್ತುವಾಗ ಕಬ್ಬಿಣ ನಡುವೆ ಮನಸ್ಸು ಬದಲಿಸುವುದಿಲ್ಲ. ರೋಗಿ ಬದಲಿಸುತ್ತಾನೆ. ಅರ್ಧ ಎತ್ತಿದಾಗ ಅವನಿಗೆ ಹೆದರಿಕೆಯಾಗಿ ನಿಮ್ಮ ಕೊರಳಿಗೆ ಜೋತುಬೀಳುತ್ತಾನೆ. ಉದಗೀರದ ಅಡತಿಯ ಹಮಾಲನೊಬ್ಬ, ದಿನವಿಡೀ ತೊಗರಿಯ ಚೀಲ ಹೊರುವವನು, ಕಾಯಿಲೆಯ ತಾಯಿಯನ್ನು ಎತ್ತಲಾರದೆ ನನ್ನ ಮುಂದೆ ಬೆವತು ನಿಂತದ್ದನ್ನು ನೋಡಿದ್ದೇನೆ. “ಚೀಲ ‘ಅಯ್ಯೋ’ ಅನ್ನಂಗಿಲ್ಲ ಸಿಸ್ಟರ್” ಎಂದ. ಆದ್ದರಿಂದ ಅಣ್ಣನ ಮಾತು ಪೂರ್ತಿ ಸುಳ್ಳಲ್ಲವೆಂದು ನನಗೆ ಒಳಗೊಳಗೆ ಅನಿಸುತ್ತಿತ್ತು. ಒಂದೇ ರೋಗಿಗೆ ಇಬ್ಬರು ಡಾಕ್ಟರರು ಎರಡು ತೆರನಾಗಿ ಬರೆದುಕೊಟ್ಟರೆ ನರ್ಸು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಇಬ್ಬರಿಗೂ ತಲೆಯಾಡಿಸಿದೆ.

ಗುಟ್ಟು ಹೊರಬಿದ್ದದ್ದು ಭಾಗ್ಯಾಳ ಅಂಗೈಯಿಂದ. ಒಂದು ಸಂಜೆ ಅಣ್ಣ ಅವಳಿಗೆ ಮಣಿಕಟ್ಟಿನ ಹಿಡಿತ ತೋರಿಸುತ್ತಿದ್ದ. ಕೈ ಹಿಡಿದವನು ಹಾಗೇ ನಿಂತ. ಅವಳ ಅಂಗೈ ಹೊರಳಿಸಿ, ಬೆರಳುಗಳ ಬುಡದಲ್ಲಿ ಸಾಲಾಗಿ ಎದ್ದಿದ್ದ ಗಂಟುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದ.

“ಯಾ ಊರ ಮಣ್ಣು ಹಿಂಗ ಗಂಟು ಮಾಡ್ತದವ್ವಾ?”

“ನಿಲಂಗಾಕ್ಕ ಹೋಗ್ತೀನಿ ಮುತ್ಯಾ. ಜಿಮ್ಮಿಗಿ.”

“ಕಬ್ಬಿಣನೋ ತಾಲೀಮೋ, ಎರಡರಾಗ ಒಂದು ತಗೋ.”

“ಎರಡೂ ಬೇಕು.”

“ಹಂಗಂದ್ರ ಬಾಗಲಾ ಅಲ್ಲಿ ಅದ” ಎಂದ ಅಣ್ಣ. ಅವಳು ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಆಯ್ಕೆಗೆ ಎರಡೂವರೆ ತಿಂಗಳಿತ್ತು. ತಾಲೀಮು ಇಲ್ಲವೆಂದರೆ ಜೋಡಿಯಾಗಿ ಆಡುವವರಿಲ್ಲ. ವಸ್ತಾದನ ಸಹಿ ಇಲ್ಲವೆಂದರೆ ಆಯ್ಕೆಯ ಅರ್ಜಿ ತೆಗೆದುಕೊಳ್ಳುವುದಿಲ್ಲ. ಮುಂದಿನ ವರ್ಷ ಓದು ಮುಗಿಯುತ್ತದೆ, ಮನೆಯಲ್ಲಿ ವರನ ಮಾತು ಆಗಲೇ ಎದ್ದಿತ್ತು. ಇದೇ ಅವಳ ಕೊನೆಯ ಅವಕಾಶ. ನನಗೆ ರಾತ್ರಿಯ ಊಟ ಸೇರಲಿಲ್ಲ. ಟೈಮ್‌ಟೇಬಲ್ ನನ್ನದಲ್ಲವೇ?

ಹದಿನೈದು ದಿನ ಅಜ್ಜ ಮೊಮ್ಮಗಳು ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದರು. ಆಮೇಲೆ ಅಣ್ಣ ಬಿದ್ದ. ಐವತ್ತು ವರ್ಷ ಮಣ್ಣಿನಲ್ಲಿ ನಿಂತವನನ್ನು ಬಚ್ಚಲಿನ ಒಂದು ಚೂರು ಸಬಕಾರ ಕೆಡವಿತು. ಸೊಂಟದ ಮೂಳೆ ಮುರಿದಿತ್ತು. ಉದಗೀರದಲ್ಲಿ ಆಪರೇಶನ್ ಮಾಡಿಸಿ ಮನೆಗೆ ಕರೆತಂದೆವು. ಅಣ್ಣನ ಮೈ ಒಂದು ಕ್ವಿಂಟಲ್‌ಗೆ ಸ್ವಲ್ಪವೇ ಕಡಿಮೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ನಾನು ಗೋಡೆಗೆ ಪಟ್ಟಿ ಅಂಟಿಸಿದೆ. ಬಹಳ ದಿನಗಳ ಮೇಲೆ ನನಗೊಂದು ವಾರ್ಡು ಸಿಕ್ಕಿತ್ತು. ಅಣ್ಣನ ನೋವಿನ ನಡುವೆಯೂ ನನಗೆ ಒಂದಿಷ್ಟು ಖುಷಿಯಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೊದಲ ಎರಡು ದಿನ ಭಾಗ್ಯಾಳ ತಂದೆಯೂ ನಾನೂ ಸೇರಿ ಎತ್ತಿದೆವು. ಮೂರನೆಯ ದಿನ ಅವನು ಸೋಯಾಬೀನ್ ಬಿತ್ತನೆಗೆ ಹೊಲಕ್ಕೆ ಹೋಗಿದ್ದ. ಹತ್ತು ಗಂಟೆಯ ಸರದಿಗೆ ನಾನೊಬ್ಬಳೇ ಕೈ ಹಾಕಿದೆ. ಮೂವತ್ತು ವರ್ಷ ಹೊಸ ನರ್ಸುಗಳಿಗೆ ‘ಬೆನ್ನು ಬಗ್ಗಿಸಬೇಡಿ’ ಎಂದು ಗದರಿದವಳು ಬೆನ್ನು ಬಗ್ಗಿಸಿದೆ. ಕಟಕ್ ಎಂದಿತು. ನಾನು ಅಣ್ಣನ ಮಂಚದ ಪಕ್ಕದಲ್ಲೇ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿ ನಿಂತೆ.

ಬಾಗಿಲಲ್ಲಿ ಭಾಗ್ಯಾ ಇದ್ದಳು.

“ಆಕಿ ಬ್ಯಾಡ” ಎಂದ ಅಣ್ಣ, ಗೋಡೆ ನೋಡುತ್ತಾ.

“ಯಣ್ಣಾ, ಹುಣ್ಣಿಗಿ ನಿನ್ನ ವಸ್ತಾದಗಿರಿ ಗೊತ್ತಿಲ್ಲ. ಹತ್ತು ಆಗಿ ಏಳು ನಿಮಿಷ ಆಗ್ಯದ” ಎಂದೆ, ಬಾಗಿದ ಹಾಗೆಯೇ.

ಭಾಗ್ಯಾ ಉತ್ತರಕ್ಕೆ ಕಾಯಲಿಲ್ಲ. ಕಾಲು ಅಗಲಿಸಿ ನಿಂತಳು. ಮೊಣಕಾಲು ಬಗ್ಗಿತು, ಬೆನ್ನು ಹಲಗೆಯಂತೆ ನೆಟ್ಟಗಾಯಿತು. ಒಂದು ಕೈ ಹೆಗಲಿನ ಅಡಿಗೆ, ಒಂದು ಕೈ ಸೊಂಟದ ಅಡಿಗೆ ಹೋಯಿತು. “ಮುತ್ಯಾ, ಉಸುರು ಬಿಡು. ಮೂರಕ್ಕ ಎತ್ತತೀನಿ.” ಎತ್ತಿದಳು. ಮೊಣಕಾಲ ನಡುವೆ ದಿಂಬು ಇಡುವಷ್ಟು ಹೊತ್ತು ಹಿಡಿದಿದ್ದು, ಮೆಲ್ಲಗೆ ಬಲಮಗ್ಗುಲಿಗೆ ಇಳಿಸಿದಳು. ಹಿಂದಿನ ಎರಡು ದಿನ ಪ್ರತಿ ಸಲವೂ ಓಣಿಗೆ ಕೇಳುವಂತೆ ಕೂಗಿದ್ದ ಅಣ್ಣ ಈ ಸಲ ಕೂಗಲಿಲ್ಲ.

“ಇನ್ನೊಮ್ಮಿ ಎತ್ತು” ಎಂದ.

“ಇನ್ನ ಎರಡು ತಾಸು ಆಗಬೇಕು” ಎಂದೆ ನಾನು.

“ನೀ ಸುಮ್ಮ ಕೂಡು. ಎತ್ತವ್ವಾ.”

ಅವಳು ಮತ್ತೆ ಎತ್ತಿದಳು. ಅಣ್ಣ ಕಣ್ಣು ಮುಚ್ಚಿದ್ದ. ಐವತ್ತು ವರ್ಷ ಬೇರೆಯವರ ಬಲವನ್ನು ಕಣ್ಣಿನಿಂದ ಅಳೆದವನು ಈಗ ಬೆನ್ನಿನಿಂದ ಅಳೆಯುತ್ತಿದ್ದ. “ಬಲ ಬಂದದ” ಎಂದ. ಅವಳ ಮುಖ ಅರಳುವಷ್ಟರಲ್ಲಿ, “ಖರೆ ಎಡ ಹೆಗಲು ಬಿಗಿ ಹಿಡದೀ. ಎತ್ತೋದು ಕಲತಿ, ಸಡಲ ಬಿಡೋದು ಕಲತಿಲ್ಲ. ಹೆಗಲು ಬಿಗೀತಂದ್ರ ನೀ ಯಾ ಕಡಿ ಹೊಳ್ಳತಿ ಅಂತ ಎದುರಿನಾಕಿಗಿ ತಿಳೀತದ” ಎಂದ.

ಅಂದಿನಿಂದ ನನ್ನ ವಾರ್ಡು ಕೆಟ್ಟು ತಾಲೀಮಾಯಿತು. ಮಗ್ಗುಲು ಬದಲಿಸುವ ಪ್ರತಿ ಸಲವೂ ಒಂದು ಪಾಠ. ಅವಳು ಎತ್ತುವಾಗ ಅಣ್ಣ ಬೇಕೆಂದೇ ಹೆಗಲು ಒತ್ತುವನು, ಮಣಿಕಟ್ಟು ತಿರುವುವನು, ಇದ್ದಕ್ಕಿದ್ದಂತೆ ಮೈ ಸಡಿಲ ಬಿಡುವನು. “ರೋಗಿ ಹಂಗ ಮಲಗು” ಎಂದು ನಾನು ಬೈದರೆ, “ನಾ ರೋಗಿ ಅಲ್ಲ, ಆಕಿ ಜೋಡಿ” ಎನ್ನುವನು. ನೋಡಲು ಬಂದವರು ನಗುತ್ತಾ, ವಸ್ತಾದರೇ, ಕಬ್ಬಿಣದಿಂದ ಕುಸ್ತಿಗೆ ಲಾಭ ಇದೆಯೋ ಇಲ್ಲವೋ ಎಂದು ಕೆಣಕಿದರು. “ಕುಸ್ತಿದ್ದು ಆಮ್ಯಾಲ ನೋಡಮು. ನನಗಂತೂ ಲಾಭ ಆಗ್ಯದ” ಎಂದ ಅಣ್ಣ.

ನಾಲ್ಕನೆಯ ವಾರ ತಾಲೀಮಿನ ಹಿರಿಯ ಶಿಷ್ಯನನ್ನು ಕರೆಸಿ, ಭಾಗ್ಯಾಳಿಗೆ ಜೋಡಿ ಕೊಡು ಎಂದು ಹೇಳಿದ. ಅರ್ಜಿಗೆ ಸಹಿ ಹಾಕಿದ. ಆಮೇಲೆ ನನ್ನ ಕಡೆ ಹೊರಳಿ, “ಮಾದೇವಿ, ಎರಡು ದಿನ ಕಬ್ಬಿಣ, ನಾಕು ದಿನ ಮಣ್ಣು. ಹೊಸಾ ಟೈಮ್‌ಟೇಬಲ್ ಬರಿ. ಮೊದಲಿನದೂ ನಿಂದೇ ಅಕ್ಷರ ಅಲ್ಲ?” ಎಂದ. ಅವನಿಗೆ ಅದು ಯಾವಾಗಿನಿಂದ ಗೊತ್ತಿತ್ತೋ, ನಾನು ಪೆನ್ನು ಹುಡುಕತೊಡಗಿದೆ.

ಹುಡುಗಿ ಗೆದ್ದಳೇ ಎಂದು ನೀವು ಕೇಳುತ್ತೀರಿ. ಎರಡು ಕುಸ್ತಿ ಗೆದ್ದಳು, ಮೂರನೆಯದು ಸೋತಳು, ಜಿಲ್ಲಾ ತಂಡದ ರಿಸರ್ವ್ ಪಟ್ಟಿಯಲ್ಲಿ ಹೆಸರು ಬಂತು. ಅವಳ ಮದುವೆಯ ಮಾತನ್ನು ಅಣ್ಣ ಒಂದು ವರ್ಷ ಮುಂದೂಡಿಸಿದ. ಗೆದ್ದ ಎರಡನ್ನು ಕಬ್ಬಿಣವೂ ತನ್ನದೆನ್ನುತ್ತದೆ, ಮಣ್ಣೂ ತನ್ನದೆನ್ನುತ್ತದೆ. ಸೋತ ಒಂದಕ್ಕೆ ಮಾತ್ರ ವಾರಸುದಾರರಿಲ್ಲ.

ಆದರೆ ನನಗೆ ಹೆಚ್ಚು ನೆನಪಾಗುವುದು ಆಯ್ಕೆಗೆಂದು ಅವಳು ಲಾತೂರಿಗೆ ಹೊರಟ ಬೆಳಗು. ಹೊರಗೆ ಅವಳ ತಂದೆ ಗಾಡಿ ಚಾಲು ಮಾಡಿ ನಿಂತಿದ್ದ, ಬಸ್ಸಿಗೆ ಹೊತ್ತಾಗಿತ್ತು. ಆರೂವರೆಗೆ ಅಣ್ಣನನ್ನು ಮಂಚದಿಂದ ಎಬ್ಬಿಸಿ ಕುರ್ಚಿಗೆ ಕೂಡಿಸುವುದು ಅವಳ ಪಾಳಿ. ಚೀಲ ಕೆಳಗಿಟ್ಟು, “ಮುತ್ಯಾನ್ನ ಕೂಡಿಸೇ ಹೋಗ್ತೀನಿ ಆಯಿ” ಎಂದಳು.

“ದೂರ ಸರಿ” ಎಂದ ಅಣ್ಣ. ವಾಕರ್ ಹತ್ತಿರ ಎಳೆದುಕೊಂಡ. ಕಾಲು ಅಗಲಿಸಿದ, ಬೆನ್ನು ನೆಟ್ಟಗೆ ಮಾಡಿದ, ಒಂದು, ಎರಡು ಎಂದು ತಾನೇ ಎಣಿಸಿದ. “ಇವತ್ತ ನನ್ನ ಭಾರ ನಾನೇ ಎತ್ತಕೋತೀನಿ. ನೀ ಹೋಗು, ಬಸ್ಸು ಹೋಗ್ತದ.”

ಒಬ್ಬನೇ ಎದ್ದು ನಿಲ್ಲುವುದು ನನ್ನ ಪಟ್ಟಿಯಲ್ಲಿ ಮುಂದಿನ ವಾರದ ಕೆಲಸವಾಗಿತ್ತು. ತಡೆಯಬೇಕಿತ್ತು, ತಡೆಯಲಿಲ್ಲ. ಅವನ ಹಿಂದೆ ಒಂದು ಗೇಣು ದೂರದಲ್ಲಿ ಎರಡೂ ಕೈ ಚಾಚಿ, ಮುಟ್ಟದೆ ನಿಂತೆ. ಅಣ್ಣ ನಡುಗುತ್ತಾ ಎದ್ದ, ನಿಂತ. ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕರಗುವವರೆಗೂ ನಿಂತೇ ಇದ್ದ. ಏನನ್ನೂ ಎತ್ತದ ನನ್ನ ಕೈಗಳು ಆ ದಿನ ಸಂಜೆಯವರೆಗೂ ನೋಯುತ್ತಿದ್ದವು.