ಹಿಮದಲ್ಲಿ ನಮ್ಮ ವಾಸನೆ

ಅಕ್ಕ ಫೋನು ಮಾಡಿದಾಗ ನಾನು ಬರ್ಕ್ಲಿಯ ಲ್ಯಾಬಿನಲ್ಲಿದ್ದೆ. ವಾರದ ಕೊನೆಗೆ ಕೆಲಸವಿದೆಯೇ ಎಂದು ಕೇಳಿದಳು. ಇಲ್ಲವೆಂದೆ. "ಹಾಗಾದ್ರೆ ನಿಮ್ಮ ಭಾವನ ಜೊತೆ ಜಿಂಕೆ ಬೇಟೆಗೆ ಹೋಗ್ಬಿಟ್ಟು ಬಾ" ಎಂದಳು, ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೇಳುವವಳ ಹಾಗೆ.

ಭಾವ ಹಾಸನದ ಕಡೆಯವರು. ಈ ದೇಶಕ್ಕೆ ಬಂದ ಹೊಸತರಲ್ಲಿ ಆಫೀಸಿನ ಗೆಳೆಯನೊಬ್ಬ ಅವರನ್ನು ಸಿಯೆರಾ ಬೆಟ್ಟಗಳಿಗೆ ಬೇಟೆಗೆ ಕರೆದುಕೊಂಡು ಹೋಗಿದ್ದನಂತೆ. ಅಂದಿನಿಂದ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಲೈಸೆನ್ಸು ಮಾಡಿಸಿಕೊಂಡು ಇಬ್ಬರೂ ಹೋಗುತ್ತಿದ್ದರು. ಈಗ ಆ ಗೆಳೆಯ ನಿವೃತ್ತನಾಗಿ ಬೇರೆ ರಾಜ್ಯಕ್ಕೆ ಹೋಗಿದ್ದಾನೆ. ಅದೂ ಅಲ್ಲದೆ, ಆ ಬೇಸಿಗೆಯಲ್ಲಿ ಭಾವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ನಡೆದಾಡಬಹುದು, ಆದರೆ ಮೈಮೇಲೆ ಎಚ್ಚರವಿರಲಿ ಎಂದು ಡಾಕ್ಟರು ಹೇಳಿದ್ದರು.

"ಬೇಡ ಅಂದ್ರೆ ಮುಖ ಊದಿಸ್ಕೊಂಡು ಕೂತ್ಕೋತಾರೆ. ಒಬ್ರನ್ನೇ ಕಳಿಸೋಕೆ ನಂಗೆ ಧೈರ್ಯ ಇಲ್ಲ. ಮಕ್ಕಳನ್ನ ಕೇಳಿದ್ರೆ ನೋ ವೇ ಅಂತಾರೆ" ಎಂದಳು ಅಕ್ಕ.

ನಾನು ಬಂದೂಕನ್ನು ಮುಟ್ಟಿದವಳೂ ಅಲ್ಲ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತಿದ್ದರೂ ಅದು ಅಂಗಡಿಯಲ್ಲಿ ಕತ್ತರಿಸಿಕೊಂಡೇ ಬರುತ್ತಿತ್ತು. ಆದರೂ ಒಪ್ಪಿಕೊಂಡೆ. ಅಕ್ಕ ನನ್ನಿಂದ ಏನನ್ನಾದರೂ ಕೇಳುವುದೇ ಅಪರೂಪ.

ಹೊರಡುವ ಮೊದಲು ಬಟ್ಟೆ ತೋರಿಸಲು ಯೂನಿಯನ್ ಸಿಟಿಯ ಅವರ ಮನೆಗೆ ಹೋದೆ. ಭಾವ ನನ್ನ ಜಾಕೆಟನ್ನು ಮೂಗಿಗೆ ಹಿಡಿದು ಮುಖ ಕಿವುಚಿದರು.

"ಒಳ್ಳೆ ಇಂಗಿನ ಡಬ್ಬ ಇದ್ದಂಗಿದೆ ಕಣಮ್ಮ. ಬೆಟ್ಟದ ಆ ಕಡೆ ಇರೋ ಜಿಂಕೆಗೂ ನೀನು ಬಂದಿದೀಯ ಅಂತ ಗೊತ್ತಾಗುತ್ತೆ."

ವಾಸನೆಯಿಲ್ಲದ ಸೋಪಿನಲ್ಲಿ ನಮ್ಮಿಬ್ಬರ ಬಟ್ಟೆಗಳನ್ನೂ ಒಗೆದು ಹಿತ್ತಲಿನ ನಿಂಬೆಗಿಡದ ಪಕ್ಕದಲ್ಲಿ ಒಣಹಾಕಿದರು. ಅವು ಒಣಗುವವರೆಗೆ ಒಗ್ಗರಣೆ ಹಾಕಬಾರದೆಂದು ಅಕ್ಕನಿಗೆ ಅಪ್ಪಣೆಯಾಯಿತು. "ಜಿಂಕೆಗೋಸ್ಕರ ನಾವು ಪಥ್ಯ ಮಾಡ್ಬೇಕಾ?" ಎಂದು ಗೊಣಗುತ್ತಲೇ ಅವಳು ಮೊಸರನ್ನ ಕಲಸಿದಳು.

ಬೆಟ್ಟದ ಬುಡದ ಒಂದು ಸಣ್ಣ ಊರಿನ ಮೋಟೆಲಿನಲ್ಲಿ ಎರಡು ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಬಾಗಿಲು ತೆರೆದರೆ ಕಾರಿನ ಮೇಲೆ, ಬೇಲಿಯ ಮೇಲೆ, ಎಲ್ಲೆಲ್ಲೂ ಹಿಮ. ಆ ವರ್ಷ ಅದು ಬೇಗನೇ ಬಂದಿತ್ತು. ಭಾವ ಆಗಲೇ ಹೊರಗೆ ನಿಂತು ಮಗುವಿನಂತೆ ನಗುತ್ತಿದ್ದರು.

"ಸ್ನೋ ಬಿದ್ರೆ ನಮ್ಮ ವಾಸನೆ ಕಡಿಮೆ ಆಗುತ್ತಾ ಭಾವ?" ಎಂದು ಕೇಳಿದೆ.

"ಬೀಳ್ತಾ ಇರೋವಾಗ ಆಗುತ್ತೆ. ಗಾಳೀಲಿರೋದನ್ನ ಅದು ಕೆಳಗೆ ಹೊಡ್ಕೊಂಡು ಬರುತ್ತೆ. ಚಳಿಗೆ ವಾಸನೆ ಮೇಲೇಳೋದೂ ಕಮ್ಮಿ. ಹೆಜ್ಜೆ ಮೇಲೆ ಹೊಸ ಸ್ನೋ ಬಿದ್ರಂತೂ ಮುಚ್ಚಿಟ್ಟಂಗೆ" ಎಂದರು. ನಂತರ ಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು ಅದುಮಿದರು. ಅದರ ಬಾಯಿಂದ ಕಂದು ಬಣ್ಣದ ಪುಡಿ ಹಾರಿತು. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲು ಬೇಟೆಯವರು ಬಿಳಿ ಪುಡಿ ಇಟ್ಟುಕೊಳ್ಳುತ್ತಾರಂತೆ. ಹಿಮದ ಮುಂದೆ ಅದು ಕಾಣದೆಂದು ಭಾವ ಅಕ್ಕನ ಅಡುಗೆಮನೆಯಿಂದ ರಾಗಿ ಹಿಟ್ಟು ತಂದಿದ್ದರು.

ಕಾರು ನಿಲ್ಲಿಸಿ, ಒಂದು ಬಯಲು ದಾಟಿ, ಎದುರಿನ ಗುಡ್ಡ ಹತ್ತಿದೆವು. ಭಾವ ಆಗಾಗ ನಿಂತು ಮರಗಳನ್ನು ನೋಡುತ್ತಿದ್ದರು. ನೋಡುತ್ತಿದ್ದುದು ಮರಗಳನ್ನಲ್ಲ, ಉಸಿರು ಸರಿಯಾಗಲು ಕಾಯುತ್ತಿದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು. ಮೇಲೆ ಒಂದು ಬಂಡೆಯ ಮರೆಯಲ್ಲಿ ಕುಳಿತೆವು. ತೆಳುವಾಗಿ ಹಿಮ ಬೀಳುತ್ತಲೇ ಇತ್ತು. ಕೆಳಗಿನ ಬಯಲಿನಲ್ಲಿ ನಮ್ಮ ಹೆಜ್ಜೆಗಳು ನೋಡನೋಡುತ್ತಿದ್ದಂತೆ ಅಳಿಸಿಹೋದವು.

ಆಮೇಲೆ ಮೋಡ ಸರಿದು ಬಿಸಿಲು ಬಂತು. ಕೊಂಬೆಗಳಿಂದ ನೀರು ತೊಟ್ಟಿಕ್ಕತೊಡಗಿತು. ಬಯಲಿನ ಆಚೆ ತುದಿಯಿಂದ ಎರಡು ಹೆಣ್ಣು ಜಿಂಕೆ, ಹಿಂದೆ ಒಂದು ಗಂಡು, ಅವಸರವಿಲ್ಲದೆ ಬಂದವು. ಭಾವ ಬಂದೂಕನ್ನು ಭುಜಕ್ಕೆ ಏರಿಸಿದರು. ಮುಂದಿದ್ದ ಹೆಣ್ಣು ಜಿಂಕೆ ಬಯಲಿನ ನಡುವೆ ಗಕ್ಕನೆ ನಿಂತಿತು. ಅಲ್ಲಿ ನೋಡಿದರೆ ಏನೂ ಇರಲಿಲ್ಲ, ಬರೀ ನುಣುಪಾದ ಬಿಳಿ ನೆಲ. ಅದು ಮೂಗನ್ನು ಹಿಮಕ್ಕೆ ತಾಗಿಸಿ, ತಲೆ ಎತ್ತಿ, ಮುಂಗಾಲನ್ನು ನೆಲಕ್ಕೆ ಬಡಿದು ಜೋರಾಗಿ ಸೀನಿದಂತೆ ಸದ್ದು ಮಾಡಿತು. ಮೂರೂ ಚಂಗನೆ ಹಾರಿ ಮರಗಳ ನಡುವೆ ಮಾಯವಾದವು.

"ಅಲ್ಲೇ ಅಲ್ವಾ ನಾವು ದಾಟಿದ್ದು?" ಎಂದೆ.

"ಅಲ್ಲೇ."

"ಮೇಲೆ ಸ್ನೋ ಇತ್ತಲ್ಲ?"

"ಇತ್ತು. ಬಿಸಿಲು ಬಿತ್ತಲ್ಲ ಈಗ. ಒಳಗಿಟ್ಕೊಂಡಿದ್ದನ್ನ ಬಿಟ್ಕೊಡ್ತು ನೋಡು."

ಅವರಿಗೆ ಬೇಸರವಾದಂತೆ ಕಾಣಲಿಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತ್ತು. ನಾನು ಆಗಲೇ ನಡೆದು ಮುಗಿಸಿದ ಜಾಗದಲ್ಲಿ ನಾನಿನ್ನೂ ಇದ್ದೆ, ಮತ್ತು ಒಂದು ಪ್ರಾಣಿ ನನ್ನನ್ನು ಅಲ್ಲಿ ಭೇಟಿಯಾಗಿ ಹೆದರಿ ಓಡಿತ್ತು.

ಇಳಿಯುವಾಗ ದಾರಿಯಲ್ಲಿ ಬಿದ್ದ ಮರದ ಮೇಲೆ ಭಾವ ಕುಳಿತುಬಿಟ್ಟರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಎದೆ ನೋಯ್ತಿದ್ಯಾ?"

"ಇಲ್ಲಮ್ಮ. ಉಸಿರು ಅಷ್ಟೇ."

ನೀರು ಕೊಟ್ಟೆ. ಫೋನು ತೆಗೆದರೆ ಸಿಗ್ನಲ್ಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಮರಳಿತು, ಮೆಲ್ಲಗೆ ಎದ್ದು ನಡೆದರು.

ಸಂಜೆ ಅಕ್ಕ ಫೋನು ಮಾಡಿದಾಗ ಭಾವನ ಎದುರಿಗೇ ನಡೆದದ್ದನ್ನೆಲ್ಲ ಹೇಳಿದೆ. "ನಾಳೆ ಹತ್ತೋದು ಬೇಡ ಅಂತ ಹೇಳು" ಎಂದಳು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಭಾವ ರಿಮೋಟು ಎತ್ತಿಕೊಂಡು ಟಿವಿ ಸದ್ದು ಜಾಸ್ತಿ ಮಾಡಿದರು.

ಮರುದಿನ ಆಕಾಶ ಪೂರ್ತಿ ಮುಚ್ಚಿಕೊಂಡಿತ್ತು. ಗುಡ್ಡದ ಬುಡದಲ್ಲಿ ಭಾವ ಬಹಳ ಹೊತ್ತು ತಲೆ ಎತ್ತಿ ಮೇಲಕ್ಕೇ ನೋಡುತ್ತ ನಿಂತರು. ಬೇಡ ಎನ್ನಲು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಬಾಟಲಿ ಅದುಮಿದರು. ರಾಗಿ ಹಿಟ್ಟು ನಮ್ಮ ಮೊಣಕಾಲಿನ ಎತ್ತರದಲ್ಲಿ ಜಾರಿಕೊಂಡು, ಹಿಮಕ್ಕೆ ಅಂಟಿದಂತೆ, ಕೆಳಗಿನ ಹಳ್ಳದ ಕಡೆ ಹೋಯಿತು.

"ನೋಡಿದ್ಯಾ? ಬಿಸಿಲಿದ್ರೆ ನೆಲ ಕಾದು ಗಾಳಿ ಮೇಲಕ್ಕೆ ಹತ್ತುತ್ತೆ. ಆಗ ನಾವು ಮೇಲಿರ್ಬೇಕು. ಇವತ್ತು ಮೋಡ, ಕೆಳಗೆಲ್ಲ ಸ್ನೋ. ತಣ್ಣಗಿರೋ ಗಾಳಿ ಇಳೀತಾನೇ ಇರುತ್ತೆ. ಜಿಂಕೆ ಮೇಲಿಂದ ಬಂದ್ರೆ ನಮ್ಮ ವಾಸನೆ ಅದಕ್ಕೆ ಸಿಗಲ್ಲ. ಇಲ್ಲೇ ಕೂರೋಣ. ಹತ್ತೋದೇನೂ ಬೇಕಾಗಿಲ್ಲ."

ಅದು ಜಿಂಕೆಯ ಲೆಕ್ಕವೋ ಹೃದಯದ ಲೆಕ್ಕವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲಿಲ್ಲ. "ಸರಿ ಭಾವ" ಎಂದೆ.

ಒಂದು ದೊಡ್ಡ ದೇವದಾರುವಿನ ಬುಡದಲ್ಲಿ ಕುಳಿತೆವು. ಕಾಲ್ಬೆರಳು ಮರಗಟ್ಟಿದವು. ಭಾವ ಪಿಸುಗುಟ್ಟುವ ದನಿಯಲ್ಲಿ, ನನ್ನ ಕಡೆ ತಿರುಗದೆ, "ಆಸ್ಪತ್ರೆಯಿಂದ ಬಂದಮೇಲೆ ಎಲ್ಲಾರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ. ನಿಮ್ಮಕ್ಕ ಜಗಳ ಆಡೋದೇ ಬಿಟ್ಟಿದಾಳೆ. ನಂಗೆ ಅದೇ ಭಯ" ಎಂದರು. ಅವರ ಕೈಗವಸಿನ ಮೇಲೆ ಕೈಯಿಟ್ಟೆ.

ಗಂಡು ಜಿಂಕೆ ಬಂದದ್ದು ಸದ್ದಿಲ್ಲದೆ. ಇಳಿಜಾರಿನಲ್ಲಿ ಪೊದೆ ಮೇಯುತ್ತ, ನಿಂತು, ಗಾಳಿ ಮೂಸಿ, ಮತ್ತೆ ಮೇಯುತ್ತ ಇಳಿಯಿತು. ಎರಡು ಸಲ ನೇರವಾಗಿ ನಮ್ಮ ಕಡೆಗೇ ನೋಡಿತು. ಅದರ ಮೂಗಿಗೆ ನಾವು ಇರಲಿಲ್ಲ. ಭಾವನ ಉಸಿರು ಸಮವಾಗಿತ್ತು. ಗುಂಡು ಹಾರಿದ ಸದ್ದಿಗೆ ಮೇಲಿನ ಕೊಂಬೆಯ ಹಿಮ ನಮ್ಮ ತಲೆಯ ಮೇಲೆ ಸುರಿಯಿತು. ಜಿಂಕೆ ನಾಲ್ಕಾರು ನೆಗೆತ ಓಡಿ ಬಿತ್ತು.

ಹತ್ತಿರ ಹೋದಾಗ ಅದು ಸತ್ತಿತ್ತು. ಭಾವ ಟೋಪಿ ತೆಗೆದು, ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತರು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅವರು ಹೊಟ್ಟೆ ಸೀಳಿ ಕರುಳು ತೆಗೆಯುವಾಗ ಹಿಂಗಾಲುಗಳನ್ನು ಹಿಡಿದುಕೊಂಡೆ. ಒಳಗಿಂದ ಬಿಸಿ ಹಬೆ ಎದ್ದಿತು, ಅರ್ಧ ಅರೆದ ಎಲೆಗಳ ಘಾಟು ವಾಸನೆ. ಅದೂ ಹಳ್ಳದ ಕಡೆಗೇ ಹರಿದುಹೋಯಿತು.

ಭಾವ ಕೊಂಬಿಗೆ ಹಗ್ಗ ಕಟ್ಟಿ ತುದಿಯನ್ನು ತಮ್ಮ ಸೊಂಟಕ್ಕೆ ಸುತ್ತಿಕೊಂಡರು.

"ಭಾವ, ಹಗ್ಗ ಬಿಡಿ."

"ಸ್ನೋ ಮೇಲೆ ಜಾರುತ್ತೆ ಬಿಡಮ್ಮ."

"ಬಿಡಿ ಅಂದೆ."

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ನಾನೇ ಬೆಚ್ಚಿದೆ. ಅವರು ಹಗ್ಗ ಬಿಚ್ಚಿದರು. ರಸ್ತೆಗೆ ಓಡಿದೆ. ಅಲ್ಲಿ ಟ್ರಕ್ಕು ನಿಲ್ಲಿಸಿಕೊಂಡು ಕಾಫಿ ಕುಡಿಯುತ್ತಿದ್ದ ಒಬ್ಬ ಅಪ್ಪ ಮತ್ತು ಅವನ ಪ್ರಾಯದ ಮಗಳು ಸಿಕ್ಕರು. ಅವರಿಗೂ ಬೇಟೆಯೇ, ಆದರೆ ಏನೂ ಸಿಕ್ಕಿರಲಿಲ್ಲ. ಸಹಾಯ ಕೇಳಿದ ಕೂಡಲೇ ಬಂದರು. ಮೂವರೂ ಸೇರಿ ಎಳೆದೆವು. ಭಾವ ಗುಂಡು ತೆಗೆದ ಬಂದೂಕು, ನನ್ನ ಚೀಲ ಎರಡನ್ನೂ ಹಿಡಿದು ಹಿಂದೆ ನಿಧಾನವಾಗಿ ಬಂದರು. ಹೊರಡುವಾಗ ಆ ಹುಡುಗಿಗೆ ರಾಗಿ ಹಿಟ್ಟಿನ ಬಾಟಲಿ ಕೊಟ್ಟು, ಹೇಗೆ ಅದುಮಬೇಕೆಂದು ತೋರಿಸಿದರು.

ಮುಂದಿನ ಭಾನುವಾರ ಅಕ್ಕ ಕಾಳುಮೆಣಸು, ತೆಂಗಿನಕಾಯಿ ಅರೆದು ಹಾಕಿ ಸಾರು ಮಾಡಿದಳು. ಭಾವನ ತಟ್ಟೆಗೆ ಎರಡೇ ತುಂಡು ಬಿತ್ತು. ಅವರು ಇನ್ನಷ್ಟು ಕೇಳಿದರು, ಅವಳು ಡಾಕ್ಟರನ್ನು ನೆನಪಿಸಿದಳು, ಅವರು ಹೊಡೆದವನು ನಾನು ಎಂದರು, ಅವಳು ಎಳೆದವಳು ನನ್ನ ತಂಗಿ ಎಂದಳು. ಇಬ್ಬರ ದನಿಯೂ ಏರಿತು. ನಾನು ಮುದ್ದೆ ಮುರಿದುಕೊಂಡು ಊಟ ಮುಂದುವರಿಸಿದೆ.

ಮರುವರ್ಷ ಭಾವನ ಜೊತೆಗೆ ಅಕ್ಕನೇ ಹೊರಟಳು. ಆ ಸಲ ಹಿಮವೇ ಬೀಳಲಿಲ್ಲ, ಜಿಂಕೆಯೂ ಸಿಗಲಿಲ್ಲ. ಸಂಜೆ ಗಾಳಿ ಇಳಿಯುವ ಹೊತ್ತಿಗೆ ಅಕ್ಕ ಮರಕ್ಕೊರಗಿ ನಿದ್ದೆ ಹೋಗಿದ್ದಳಂತೆ, ಎಬ್ಬಿಸಲು ಭಾವನಿಗೆ ಮನಸ್ಸಾಗಲಿಲ್ಲವಂತೆ. ಬರುವಾಗ ಬೆಟ್ಟದ ಕೆಳಗಿನ ತೋಟದಿಂದ ಒಂದು ಡಬ್ಬ ಸೇಬು ತಂದು, ನನ್ನ ಪಾಲನ್ನು ಬಾಗಿಲಲ್ಲಿಟ್ಟು ಹೋದರು.