ತಾಯಿಯ ಆಣೆ, ಮಗಳ ಸಕ್ಕರೆ

ಕೊರೊನಾ ಮುಗಿದು ಜನ ಮುಖಗವಸು ಕಳಚಿದ ವರ್ಷ. ನಾನು ಒಂಟಿಕೊಪ್ಪಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ತಜ್ಞೆಯಾಗಿದ್ದೆ. ಬಸುರಿಯರನ್ನು ಗದರಿಸುವುದರಲ್ಲಿ ನನಗೆ ಒಳ್ಳೇ ಹೆಸರಿತ್ತು. ಒಳಗೊಳಗೆ ನಾನೆಷ್ಟು ಪುಕ್ಕಲು ಎಂಬುದು ನನಗೊಬ್ಬಳಿಗೇ ಗೊತ್ತು.

ದಟ್ಟಗಳ್ಳಿಯ ಪವಿತ್ರಾ ಬಂದಾಗ ಅವಳಿಗೆ ಏಳನೇ ತಿಂಗಳು, ಚೊಚ್ಚಲು. ಒಂದು ಪಕ್ಕದಲ್ಲಿ ತಾಯಿ ಜಯಮ್ಮ, ಇನ್ನೊಂದು ಪಕ್ಕದಲ್ಲಿ ಅತ್ತೆ ಪುಟ್ಟತಾಯಮ್ಮ. ಎಲ್ಲರಿಗೂ ಕೇಳುವಂತೆ, ತವರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಜಯಮ್ಮ, "ಅಯ್ಯೋ, ನಮ್ ವಂಶದಲ್ಲೇ ಇಲ್ಲ ಕಣ್ರಮ್ಮ" ಎಂದುಬಿಟ್ಟರು.

ಈ ಪ್ರಶ್ನೆಗೆ ಕಾರಣವಿದೆ. ಬಸಿರಿನಲ್ಲಿ, ಮಗುವಿಗೆ ಆಹಾರ ಒದಗಿಸುವ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಹೆಚ್ಚಿನವರ ದೇಹ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಆದರೆ ಹೆತ್ತವರಿಗೆ ಸಕ್ಕರೆ ಕಾಯಿಲೆ ಇದ್ದು, ಅದರ ಜೀನ್‌ಗಳು ಮಗಳಿಗೂ ಬಂದಿದ್ದರೆ, ಅಷ್ಟು ದಿನ ಅಡಗಿದ್ದದ್ದು ಈಗ ಹೊರಬೀಳಬಹುದು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದರೆ ಗೊತ್ತಾಗುತ್ತದೆ.

"ಇಲ್ಲೇ ಕೂತು ಪರೀಕ್ಷೆ ಮುಗಿಸ್ಕೊಂಡು ಹೋಗಿ" ಎಂದೆ.

"ನಾಡಿದ್ದು ಸೀಮಂತ, ಬಳೆ ತೊಡಿಸ್ಬೇಕು. ಮುಗಿಸ್ಕೊಂಡು ಬಂದ್ಬುಡ್ತೀವಿ" ಎಂದರು ಜಯಮ್ಮ.

"ಸೀಮಂತಕ್ಕೂ ರಕ್ತಕ್ಕೂ ಏನ್ರೀ ಸಂಬಂಧ?" ಎಂದು ಗದರಿದೆ. ತಲೆಯಾಡಿಸಿ ಹೋದವರು ತಿರುಗಿ ಬರಲಿಲ್ಲ. ಫೋನ್ ಮಾಡಿಸಿದಾಗಲೆಲ್ಲ ಇವತ್ತು, ನಾಳೆ ಎಂದರು.

ಒಂಬತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮೂವರೂ ಆಟೋದಿಂದಿಳಿದು ಓಡಿಬಂದರು. "ಮಗು ಒದೀತಿಲ್ಲ ಮೇಡಂ" ಎಂದಳು ಪವಿತ್ರಾ. ಮಗುವಿನ ಹೃದಯ ಬಡಿತ ದಾಖಲಿಸುವ ಸಿಟಿಜಿ ಯಂತ್ರ ಹಚ್ಚಿದೆವು. ಬಡಿತವೇನೋ ಇತ್ತು. ಆದರೆ ಚೆನ್ನಾಗಿರುವ ಮಗುವಿನ ಬಡಿತ ಏರುತ್ತ ಇಳಿಯುತ್ತ ಇರಬೇಕು. ಇಲ್ಲಿ ಕಾಗದದ ಮೇಲೆ ಸಪಾಟು ಗೆರೆ ಬರುತ್ತಿತ್ತು.

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಜಯಮ್ಮ ಬೆವರಿ, ಗಡಗಡ ನಡುಗಿ, ಕುಸಿದು ಕೂತರು.

"ಮಗಳ ಗಾಬ್ರಿಗೆ ತಲೆ ಸುತ್ತಿದೆ ಕಣ್ರೀ" ಎನ್ನುತ್ತ ಪುಟ್ಟತಾಯಮ್ಮ ಸೆರಗಿನಿಂದ ಗಾಳಿ ಬೀಸತೊಡಗಿದರು. ನಾನೂ ಹಾಗೇ ಅಂದುಕೊಂಡೆ.

ಮಂಚದ ಮೇಲಿಂದ ಪವಿತ್ರಾ ಚೀರಿದಳು: "ಗಾಳಿ ಬೇಡ, ಅಮ್ಮಂಗೆ ಸಕ್ಕರೆ ಕೊಡಿ! ಇನ್ಸುಲಿನ್ ಚುಚ್ಕೊಂಡು ಏನೂ ತಿಂದಿಲ್ಲ ಅವ್ರು!"

ಸಿಸ್ಟರ್ ಸಕ್ಕರೆ ನೀರು ತಂದು ಜಯಮ್ಮನಿಗೆ ಕುಡಿಸಿದರು; ನಡುಕ ಇಳಿಯಿತು. ನಾನು ಪವಿತ್ರಾಳ ಬೆರಳು ಚುಚ್ಚಿದೆ. ಊಟವಾಗಿ ಎರಡು ಗಂಟೆಗೆ 120ರೊಳಗೆ ಇರಬೇಕಾದ ಸಕ್ಕರೆ 278 ಇತ್ತು. ಅಷ್ಟು ಸಕ್ಕರೆಯೂ ಹೊಟ್ಟೆಯೊಳಗಿನ ಕೂಸಿಗೆ ಹರಿಯುತ್ತಿತ್ತು.

"ಯಾಕಮ್ಮ ಹೇಳ್ಲಿಲ್ಲ?"

"ಅಮ್ಮ ತಮ್ಮ ತಲೆ ಮೇಲೆ ನನ್ನ ಕೈ ಇಡ್ಸಿ ಆಣೆ ಹಾಕಿಸ್ಕೊಂಡಿದ್ರು ಮೇಡಂ. ನನ್ನ ಮದುವೇಲೂ ಹೇಳಿರ್ಲಿಲ್ಲ, ಈಗ ತಂಗಿಗೆ ಗಂಡು ನೋಡ್ತಿದ್ದಾರೆ. ಆಣೆ ಮುರಿದ್ರೆ ಅಮ್ಮಂಗೇ ಏನಾದ್ರೂ ಆಗ್ಬುಟ್ರೆ ಅಂತ..." ಎಂದು ಬಿಕ್ಕಿದಳು. ಅಮ್ಮನ ಜೀವಕ್ಕೆ ಹೆದರಿ ಮುಚ್ಚಿಟ್ಟದ್ದನ್ನು ಅಮ್ಮನ ಜೀವ ಉಳಿಸಲೆಂದೇ ಬಾಯಿಬಿಟ್ಟಿದ್ದಳು.

ಕೂಡಲೇ ಸಿಸೇರಿಯನ್ ಮಾಡಿದೆ. ಹೆಣ್ಣು ಮಗು, ದಪ್ಪನೆಯದು, ಆದರೆ ಕೈಕಾಲು ಜೋತುಬಿದ್ದಿದ್ದವು. ಅಳಲಿಲ್ಲ. ಮಕ್ಕಳ ಡಾಕ್ಟರು ಬೆನ್ನು ಉಜ್ಜಿ, ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತುತ್ತಿದ್ದಾಗ ನಾನು ಹೊಲಿಗೆ ಹಾಕುತ್ತಲೇ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕೊನೆಗೊಮ್ಮೆ ಬೆಕ್ಕಿನ ಮರಿಯಂತೆ ಕುಂಯ್ ಎಂದಿತು. ಅಷ್ಟಕ್ಕೇ ಮುಗಿಯಲಿಲ್ಲ. ತಾಯಿಯ ಸಕ್ಕರೆಗೆ ಒಗ್ಗಿ ಹೆಚ್ಚು ಇನ್ಸುಲಿನ್ ಸುರಿಸುತ್ತಿದ್ದ ಮಗುವಿಗೆ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಸರ್ರನೆ ಇಳಿಯಿತು. ಡ್ರಿಪ್ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದೆವು. ಚೇತರಿಸಿಕೊಳ್ಳುವವರೆಗೆ ಫೋನ್ ರಿಂಗಾದರೆ ಸಾಕು, ನಾನು ಬೆಚ್ಚಿಬೀಳುತ್ತಿದ್ದೆ.

ಅಷ್ಟೂ ದಿನ ಪುಟ್ಟತಾಯಮ್ಮ ಬೀಗಿತ್ತಿಯ ಮುಖ ನೋಡಲಿಲ್ಲ. ಸಂಬಂಧ ಮುರಿದೇಹೋಯಿತು ಎಂದು ಜಯಮ್ಮ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಡಿಸ್ಚಾರ್ಜ್ ದಿನ ಇಬ್ಬರೂ ನನ್ನ ಕೋಣೆಗೆ ಬಂದರು.

"ನಿಜ ಹೇಳಿ ಮೇಡಂ, ಈ ಕೂಸಿಗೂ ಬರುತ್ತಾ?" ಎಂದರು ಪುಟ್ಟತಾಯಮ್ಮ.

"ಬರಬಹುದು, ಬಂದೇ ಬರಬೇಕು ಅಂತಿಲ್ಲ. ಊಟ, ತೂಕ, ಓಡಾಟ ನೋಡ್ಕೋಬೇಕು. ಪವಿತ್ರಾಗೂ ವರ್ಷಾ ವರ್ಷಾ ಪರೀಕ್ಷೆ ಮಾಡಿಸಿ" ಎಂದೆ. ಜಗಳ ಶುರುವಾಗುತ್ತದೆಂದು ಮೈ ಬಿಗಿಹಿಡಿದು ಕೂತೆ.

"ಮುಚ್ಚಿಟ್ಟು ಕೂಸನ್ನೇ ಕಳ್ಕೊಂಬುಡ್ತಿದ್ವಲ್ಲ ಬೀಗ್ರೇ" ಎಂದ ಪುಟ್ಟತಾಯಮ್ಮ, ಜಯಮ್ಮನ ಪಕ್ಕದ ಕುರ್ಚಿಯಲ್ಲೇ ಕೂತು ನನ್ನತ್ತ ಬೆರಳು ಚಾಚಿದರು. "ನಂದೂ ನೋಡ್ಬುಡಿ. ನಮ್ಮಪ್ಪಂಗೂ ಇತ್ತು. ಎಲ್ಲಿ ಐತೆ ಅಂದ್ಬುಡ್ತಾರೋ ಅಂತ ಇಷ್ಟು ವರ್ಷ ಡಾಕ್ಟ್ರ ಕಡೆ ತಲೆ ಹಾಕಿಲ್ಲ."

ಹೆತ್ತವರ ಜೀನ್ ಬಿಟ್ಟು ಹುಟ್ಟುವುದು ಯಾರ ಕೈಯಲ್ಲೂ ಇಲ್ಲ. ಹೇಳುವುದು ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಆವತ್ತಿನಿಂದ ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸಿ ಬಸುರಿಯೊಬ್ಬಳನ್ನೇ ಈ ಪ್ರಶ್ನೆ ಕೇಳುತ್ತೇನೆ. ಅವಳು ಏನೇ ಹೇಳಲಿ, ಪರೀಕ್ಷೆ ಮುಗಿಸದೆ ಮನೆಗೆ ಬಿಡುವುದಿಲ್ಲ. ಸೀಮಂತ ಬೇಕಾದರೆ ಎರಡು ಗಂಟೆ ಕಾಯಲಿ.